ಒಳ್ಳೆಯ ಸಸಿ ಸಿಗುವಂತೆ ಮಾಡಿದ ಮರೀಗೌಡರು

ಮಕ್ಕಳೇ, ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿಯ ತರಕಾರಿ ಮಾರುಕಟ್ಟೆಯನ್ನು ನೋಡಿದ್ದೀರಾ? ಸುತ್ತಲಿನ ಹೊಲಗಳಲ್ಲಿ ಬೆಳೆದ ಎಲೆಕೋಸು ಅಲ್ಲಿಂದ ಲಾರಿಗಳಲ್ಲಿ ಕೇರಳ, ತಮಿಳುನಾಡಿಗೂ ಹೋಗುತ್ತದೆ. ಚಾಮರಾಜನಗರದ ಎಷ್ಟೋ ಮನೆಗಳ ಹಿತ್ತಲಿನಲ್ಲೂ ನಾಲ್ಕಾರು ಕೋಸಿನ ಗಿಡಗಳಿರುತ್ತವೆ.

ಈಗೊಂದು ಪ್ರಶ್ನೆ. ಅಜ್ಜಿ ಅವರೆ, ಹುರುಳಿ, ಕುಂಬಳದ ಬೀಜಗಳನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತಾರೆ. ಕೋಸಿನ ಬೀಜ ಎತ್ತಿಟ್ಟಿದ್ದನ್ನು ಕಂಡಿದ್ದೀರಾ? ಕಂಡಿರಲಾರಿರಿ. ಕೋಸು ಯುರೋಪಿನ ತಂಪು ನಾಡಿನ ಗಿಡ. ಮೊದಲು ಎಲೆಗಳು ಒತ್ತಾಗಿ ಸುತ್ತಿಕೊಂಡು ಗಡ್ಡೆಯಾಗುತ್ತದೆ. ಆಮೇಲೆ ಹಲವು ವಾರ ಕೊರೆಯುವ ಚಳಿ ಸಿಕ್ಕರೆ ಮಾತ್ರ ಹೂ ಬಿಟ್ಟು ಬೀಜ ಕಟ್ಟುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಅಂಥ ಚಳಿ ಇಲ್ಲ. ಆದ್ದರಿಂದ ಬೀಜ ಹಿಮಾಲಯದಂತಹ ಚಳಿ ಪ್ರದೇಶಗಳಿಂದ ಬರಬೇಕು.

ಬೀಜ ಕೆಟ್ಟದ್ದಾಗಿದ್ದರೆ? ಎರಡು ಮೂರು ತಿಂಗಳು ನೀರು, ಗೊಬ್ಬರ ಹಾಕಿ ಕಾದ ಮೇಲಷ್ಟೇ ಗಡ್ಡೆ ಕಟ್ಟಲಿಲ್ಲವೆಂದು ಗೊತ್ತಾಗುತ್ತದೆ. ಮಾವಿನ ಸಸಿಯಾದರೆ ಮೋಸ ತಿಳಿಯಲು ಹಲವು ವರ್ಷಗಳೇ ಬೇಕು. ಬಡ ರೈತನಿಗೆ ಇದು ದೊಡ್ಡ ನಷ್ಟ. ಈ ಕಷ್ಟವನ್ನು ಅರಿತು, ನಂಬಬಹುದಾದ ಬೀಜ ಮತ್ತು ಸಸಿ ರೈತರ ಹತ್ತಿರಕ್ಕೇ ಬರುವಂತೆ ದುಡಿದವರು ಡಾ. ಎಂ.ಎಚ್. ಮರೀಗೌಡರು.

ಮರೀಗೌಡರು ಹುಟ್ಟಿದ್ದು 1916ರ ಆಗಸ್ಟ್ 8ರಂದು. ಅವರ ಊರು ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿನ ಬಳಿಯ ಒಂದು ಹಳ್ಳಿ. ಆಗ ಚಾಮರಾಜನಗರ, ಗುಂಡ್ಲುಪೇಟೆಗಳೂ ಅದೇ ಮೈಸೂರು ಜಿಲ್ಲೆಗೆ ಸೇರಿದ್ದವು. ಹಳ್ಳಿಯ ಹುಡುಗ ಸಸ್ಯಶಾಸ್ತ್ರ ಓದಲು ದೂರದ ಲಖನೌವರೆಗೆ ಹೋದರು. ಓದು ಮುಗಿಸಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಲಸಕ್ಕೆ ಸೇರಿದರು. 1947ರಲ್ಲಿ ಹೆಚ್ಚಿನ ತರಬೇತಿಗಾಗಿ ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ತೆರಳಿದರು. ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದರು.

ಅವರು 1951ರಲ್ಲಿ ತಾಯ್ನಾಡಿಗೆ ಮರಳಿ ಲಾಲ್‌ಬಾಗ್‌ನ ಹೊಣೆ ಹೊತ್ತರು. ತೋಟವೆಂದರೆ ನಗರದ ಜನ ತಿರುಗಾಡುವ ಜಾಗ ಮಾತ್ರವಲ್ಲ, ಹಳ್ಳಿಯ ರೈತನ ಬದುಕಿಗೂ ಅದು ಆಧಾರವಾಗಬೇಕು ಎಂಬುದು ಅವರ ನಿಲುವು. ಮಳೆ ಕಡಿಮೆಯಾದ ಹೊಲಗಳಲ್ಲಿ ಮಾವು, ಸಪೋಟ, ಗೋಡಂಬಿ ಬೆಳೆಯಲು ಅವರು ರೈತರನ್ನು ಹುರಿದುಂಬಿಸಿದರು. 1963ರಲ್ಲಿ ತೋಟಗಾರಿಕೆಗೇ ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾದರು. ರಾಜ್ಯದ ಉದ್ದಗಲಕ್ಕೂ ನೂರಾರು ತೋಟಗಾರಿಕಾ ಕ್ಷೇತ್ರಗಳು, ಸಸ್ಯಪಾಲನಾ ಕೇಂದ್ರಗಳು ತಲೆಯೆತ್ತಿದವು. ರೈತನು ಅಲ್ಲಿಗೆ ಬಂದು ಬೆಳೆಯನ್ನು ಕಣ್ಣಾರೆ ನೋಡಬಹುದಿತ್ತು. ಸಸಿ ಕೊಳ್ಳಬಹುದಿತ್ತು. ಸಂದೇಹ ಕೇಳಬಹುದಿತ್ತು.

ಬೆಳೆದರಷ್ಟೇ ಸಾಲದು, ಮಾರಬೇಕಲ್ಲ! ಕೊಯ್ದ ತರಕಾರಿ, ಹಣ್ಣು ಬಹಳ ದಿನ ಉಳಿಯುವುದಿಲ್ಲ. ಅವರ ಪ್ರೋತ್ಸಾಹದಿಂದ 1959ರಲ್ಲಿ ಬೆಂಗಳೂರಿನಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಆರಂಭವಾಯಿತು. ಅದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆದು, ರೈತರ ತರಕಾರಿಯನ್ನೂ ನೇರವಾಗಿ ಕೊಳ್ಳುವವರಿಗೆ ತಲುಪಿಸಿತು. ಸಸಿ ಬೆಳೆಸುವವರಿಗೂ ಒಂದು ಸಹಕಾರ ಸಂಘವಾಯಿತು.

ಮರೀಗೌಡರು 1974ರಲ್ಲಿ ನಿವೃತ್ತರಾದರು. 1992ರಲ್ಲಿ ತೀರಿಕೊಂಡರು. ಕೋಸನ್ನು ನಮ್ಮ ನಾಡಿಗೆ ತಂದವರು ಅವರಲ್ಲ. ಅದು ಅವರಿಗಿಂತ ಬಹಳ ಹಿಂದೆಯೇ ಬಂದಿತ್ತು. ಆದರೆ ಬೀಜ, ಸಸಿ, ತಿಳಿವಳಿಕೆ, ಮಾರಾಟ ಈ ನಾಲ್ಕೂ ಒಟ್ಟಿಗೆ ಸಿಕ್ಕಿದರೆ ಮಾತ್ರ ಹೊರನಾಡಿನ ಬೆಳೆ ನಮ್ಮ ರೈತನದಾಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದಕ್ಕಾಗಿಯೇ ಅವರನ್ನು ಕರ್ನಾಟಕದ ತೋಟಗಾರಿಕೆಯ ಪಿತಾಮಹ ಎಂದು ಕರೆಯುತ್ತಾರೆ.

ನೀವೂ ಬೆಳೆದು ನೋಡಿ

ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಎತ್ತರದ ಮಡಿ ಮಾಡಿ ಕೋಸಿನ ಬೀಜ ಬಿತ್ತಿ. ನಾಲ್ಕೈದು ವಾರಗಳಾದಾಗ ಸಸಿಗಳನ್ನು ಕಿತ್ತು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಸುಮಾರು 45 ಸೆಂಟಿಮೀಟರ್ ಅಂತರದಲ್ಲಿ ಸಂಜೆ ಹೊತ್ತು ನೆಡಿ. ಸಸಿ ನೆಡುವ 15 ದಿನ ಮೊದಲೇ ಪಕ್ಕದಲ್ಲಿ ಒಂದು ಸಾಲು ಸಾಸಿವೆ ಬಿತ್ತಿ. ಕೋಸಿನ ಎಲೆಯನ್ನು ತೂತು ಮಾಡುವ ಹುಳುವಿನ ತಾಯಿ, ಅಂದರೆ ವಜ್ರಬೆನ್ನಿನ ಪತಂಗ, ಸಾಸಿವೆಯ ಮೇಲೆ ಮೊಟ್ಟೆಯಿಡಲು ಹೆಚ್ಚು ಇಷ್ಟಪಡುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೈತರಿಗೆ ಹೇಳಿಕೊಟ್ಟ ಉಪಾಯವಿದು.

ಮಣ್ಣು ಪೂರ್ತಿ ಒಣಗಲು ಬಿಡಬೇಡಿ. ಒಣಗಿದ ಮೇಲೆ ಒಮ್ಮೆಲೇ ಹೆಚ್ಚು ನೀರು ಹಾಯಿಸಿದರೆ ಗಡ್ಡೆ ಸೀಳುತ್ತದೆ. ಗಡ್ಡೆ ಗಟ್ಟಿಯಾದಾಗ ಕೊಯ್ದು, ಮನೆಯ ದೊಡ್ಡವರಿಂದ ಉದ್ದಕ್ಕೆ ಸೀಳಿಸಿ. ನಡುವೆ ಕಾಂಡ, ಸುತ್ತ ಮಡಚಿದ ಎಲೆಗಳು ಕಾಣುತ್ತವೆ. ಕೋಸು ಎಂದರೆ ಒಂದು ದೊಡ್ಡ ಮೊಗ್ಗು! ಅದರ ಚಿತ್ರ ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.