ಲಿಯೋ ಫೆಂಡರ್: ಸುಲಭ ಬೆಲೆಯ ವಾದ್ಯದ ಶಿಲ್ಪಿ

ಇಳಕಲ್ಲಿನ ಸೀರೆಯನ್ನು ಕೊಳ್ಳಲು ಹೋದ ಬಲ್ಲ ಹೆಣ್ಣುಮಗಳು ಸೆರಗನ್ನು ಬಿಡಿಸಿ, ಒಡಲೂ ಸೆರಗೂ ಕೂಡುವ ಎಡೆಯನ್ನು ಬೆರಳಿನಿಂದ ಸವರಿ ನೋಡುತ್ತಾಳೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಹೂಡಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಬೆಸೆಯುವುದು ಆ ನೇಕಾರಿಕೆಯ ಹೆಗ್ಗಳಿಕೆ. ನೂಲು ಅಪ್ಪಟ ರೇಷ್ಮೆಯದಾದರೆ ಬೆಲೆ ಏರುತ್ತದೆ. ಹತ್ತಿಯದೋ ಕೃತಕ ರೇಷ್ಮೆಯದೋ ಆದರೆ ಇಳಿಯುತ್ತದೆ. ಆದರೆ ಕೊಂಡಿ ಸಡಿಲಾದರೆ ಎಷ್ಟು ಬೆಲೆಯ ನೂಲಾದರೂ ಫಲವಿಲ್ಲ. ಅಗ್ಗವಾದುದೆಲ್ಲ ಹೀನವಲ್ಲ ಎಂಬ ಈ ವಿವೇಕ ಹುನಗುಂದ, ಬಾದಾಮಿ, ಕಲಾದಗಿಗಳ ಕಡೆಯ ಜನಕ್ಕೆ ಹೊಸದೇನೂ ಅಲ್ಲ.

ಬಟ್ಟೆಯ ವಿಷಯದಲ್ಲಿರುವ ಈ ವಿವೇಕ ವಾದ್ಯದ ವಿಷಯದಲ್ಲಿ ನಮ್ಮನ್ನು ಬಿಟ್ಟುಹೋಗುತ್ತದೆ. ಬನಶಂಕರಿಯ ಜಾತ್ರೆಯೆಂದರೆ ನಾಟಕ ಕಂಪನಿಗಳ ಬಿಡಾರ. ಕಾಲುಪೆಟ್ಟಿಗೆ, ತಬಲಗಳ ನಾದ. ಇಂದು ಊರೂರುಗಳ ರಸಮಂಜರಿಗಳಲ್ಲಿ ಅವುಗಳ ಜೊತೆಗೆ ವಿದ್ಯುತ್ ವಾದ್ಯಗಳೂ ಬಂದಿವೆ. ವೇದಿಕೆಯ ಮೂಲೆಯಲ್ಲಿ ನೀಳವಾದ ದಂಡಿಯ, ನಾಲ್ಕು ತಂತಿಯ ಬೇಸ್ ಗಿಟಾರನ್ನು ಹೆಗಲಿಗೇರಿಸಿಕೊಂಡು ನಿಂತ ತರುಣನನ್ನು ವಾಚಕರು ಕಂಡಿರಬಹುದು. ತಂಬೂರಿಯ ಖರ್ಜದ ತಂತಿ ಗಾಯನಕ್ಕೆ ನೆಲೆಯಾಗಿರುವಂತೆ, ಆ ವಾದ್ಯವು ಮೇಳದ ಎಲ್ಲ ಸ್ವರಗಳಿಗೂ ಬುನಾದಿ. ತಿಂಗಳುಗಟ್ಟಲೆ ಹಣ ಕೂಡಿಸಿ ಕೊಂಡ ಅಗ್ಗದ ವಾದ್ಯ ಅದು. ಗೆಳೆಯರು ಅದನ್ನು ಕಂಡು ನಗುತ್ತಾರೆ. ಮನೆಯ ಹಿರಿಯರು ಹಣ ನೀರಿಗೆ ಹೋಯಿತೆನ್ನುತ್ತಾರೆ. ನುಡಿಸುವವನಿಗೂ ಒಳಗೊಳಗೆ ಅಳುಕು: ಅಪಸ್ವರ ಬಂದಾಗ ತಪ್ಪು ತನ್ನ ಕೈಯದೋ, ವಾದ್ಯದ್ದೋ? ಈ ಅಳುಕಿನಲ್ಲಿಯೇ ಎಷ್ಟೋ ಮಂದಿ ವಾದ್ಯವನ್ನು ಗೋಡೆಗೆ ಒರಗಿಸಿಟ್ಟು ಮರೆಯುತ್ತಾರೆ. ಈ ಪ್ರಶ್ನೆಗೆ ಉತ್ತರ ಬೇಕಾದರೆ, ಆ ವಾದ್ಯಕ್ಕೆ ಇಂದಿನ ರೂಪವನ್ನು ಕೊಟ್ಟ ಲಿಯೋ ಫೆಂಡರನ ಬಾಳನ್ನು ಅವಲೋಕಿಸಬೇಕು.

ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರನು 1909ರ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಕಿತ್ತಳೆಯ ತೋಟವನ್ನು ನಂಬಿ ಬಾಳುತ್ತಿದ್ದ ಒಕ್ಕಲು ಮನೆತನದಲ್ಲಿ ಹುಟ್ಟಿದನು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣದಿಂದ ಒಂದು ಕಣ್ಣನ್ನು ಕಳೆದುಕೊಂಡು, ಗಾಜಿನ ಕಣ್ಣನ್ನು ಧರಿಸಬೇಕಾಯಿತು. ಮೋಟಾರು ಗಾಡಿಗಳ ವಿದ್ಯುತ್ ದುರಸ್ತಿಯ ಅಂಗಡಿ ಇಟ್ಟಿದ್ದ ಬಂಧುವೊಬ್ಬನು ಕಳುಹಿಸಿಕೊಟ್ಟ ಹಳೆಯ ಬಿಡಿಭಾಗಗಳ ಪೆಟ್ಟಿಗೆಯೇ ಬಾಲಕನ ಮೊದಲ ಪಾಠಶಾಲೆ. ಆ ಬಂಧುವಿನ ಅಂಗಡಿಯಲ್ಲಿ ಕೇಳಿದ ರೇಡಿಯೋ ಅವನ ಮನಸ್ಸನ್ನು ಸೆರೆಹಿಡಿಯಿತು. ಆದರೂ ಕಾಲೇಜಿನಲ್ಲಿ ಕಲಿತದ್ದು ವಿದ್ಯುತ್ ಶಾಸ್ತ್ರವನ್ನಲ್ಲ, ಲೆಕ್ಕ ಬರೆಯುವ ವಿದ್ಯೆಯನ್ನು. ಮಂಜುಗಡ್ಡೆಯ ಕಂಪನಿಯಲ್ಲಿ, ಹೆದ್ದಾರಿ ಇಲಾಖೆಯಲ್ಲಿ, ಟೈರಿನ ಕಂಪನಿಯಲ್ಲಿ ಅವನು ದುಡಿದನು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಕೆಲಸಗಳು ಒಂದೊಂದಾಗಿ ಕೈಬಿಟ್ಟವು. 1934ರಲ್ಲಿ ಎಸ್ತರ್ ಎಂಬಾಕೆಯ ಕೈಹಿಡಿದಿದ್ದ ಆತನು, 1938ರಲ್ಲಿ 600 ಡಾಲರು ಸಾಲ ತಂದು ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದನು.

ಆ ಅಂಗಡಿಗೆ ಕೆಟ್ಟ ರೇಡಿಯೋಗಳ ಜೊತೆಗೆ ವಾದ್ಯಗಾರರ ಧ್ವನಿವರ್ಧಕಗಳೂ ಬರತೊಡಗಿದವು. ಪ್ರತಿ ರಾತ್ರಿ ಒಂದೊಂದು ನೃತ್ಯಶಾಲೆಯಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡ ಕಲಾವಿದರು ಅವರು. ಯಾವ ಭಾಗ ಎಲ್ಲಿ ಮುರಿಯುತ್ತದೆ, ಯಾವುದನ್ನು ಸರಿಪಡಿಸಲು ಎಷ್ಟು ಹೊತ್ತು ಬೇಕು ಎಂಬುದನ್ನು ಫೆಂಡರನು ಕಲಿತುದು ಇವರ ದೂರುಗಳಿಂದ. 1943ರ ಸುಮಾರಿಗೆ ಡಾಕ್ ಕಾಫ್‌ಮನ್ ಎಂಬ ಗೆಳೆಯನೊಡನೆ ವಾದ್ಯ ತಯಾರಿಕೆಗೆ ಕೈಹಾಕಿದನು. ಸಾಲದ ಭಯದಿಂದ ಗೆಳೆಯನು ಹಿಂದೆಗೆದಾಗ, 1946ರಲ್ಲಿ ತನ್ನ ಹೆಸರಿನಲ್ಲಿಯೇ ಕಂಪನಿಯನ್ನು ಕಟ್ಟಿದನು. ಬಾಲ್ಯದಲ್ಲಿ ಸ್ಯಾಕ್ಸೊಫೋನನ್ನು ಅಷ್ಟಿಷ್ಟು ಅಭ್ಯಾಸ ಮಾಡಿದ್ದ ಈತನಿಗೆ ಗಿಟಾರು ನುಡಿಸಲು ಕೊನೆಯವರೆಗೂ ಬರಲಿಲ್ಲ. ನುಡಿಸಬಲ್ಲವರನ್ನು ಕರೆದು, ನುಡಿಸಹೇಳಿ, ಮೌನವಾಗಿ ಕೇಳುವುದು ಅವನ ಪದ್ಧತಿಯಾಗಿತ್ತು.

ಆ ಕಾಲದ ಮೇಳಗಳಲ್ಲಿ ಮಂದ್ರ ಸ್ವರಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು. ಊರಿಂದೂರಿಗೆ ಅದನ್ನು ಸಾಗಿಸುವುದೇ ಒಂದು ಪಾಡು. ವಿದ್ಯುತ್ ಗಿಟಾರಿನ ಅಬ್ಬರದ ಮುಂದೆ ಅದರ ದನಿ ಕೇಳುತ್ತಲೂ ಇರಲಿಲ್ಲ. ಪಿಟೀಲಿನಂತೆ ಅದರ ದಂಡಿಯ ಮೇಲೆ ಮೆಟ್ಟಿಲುಗಳಿಲ್ಲದ್ದರಿಂದ ಸ್ವರಸ್ಥಾನವು ವರ್ಷಗಳ ಸಾಧನೆಗಲ್ಲದೆ ಒಲಿಯುತ್ತಿರಲಿಲ್ಲ. 1951ರಲ್ಲಿ ಫೆಂಡರನು ಹೊರತಂದ ಪ್ರಿಸಿಷನ್ ಬೇಸ್ ಈ ಮೂರು ತೊಡಕುಗಳನ್ನೂ ಒಮ್ಮೆಗೇ ಬಿಡಿಸಿತು. ಇಂಥ ವಾದ್ಯವನ್ನು ಮೊದಲು ಕಲ್ಪಿಸಿದವನು ಅವನೇ ಎನ್ನುವಂತಿಲ್ಲ. 1930ರ ದಶಕದಲ್ಲಿಯೇ ಸಿಯಾಟಲ್ ನಗರದ ಪಾಲ್ ಟಟ್‌ಮಾರ್ಕ್ ಅಂಥದೊಂದನ್ನು ಮಾಡಿದ್ದನು. ಅದು ಲೋಕದಲ್ಲಿ ನಿಲ್ಲಲಿಲ್ಲ, ಫೆಂಡರನದು ನಿಂತಿತು. ನಿಂತದ್ದಕ್ಕೆ ಕಾರಣ ಅದರ ರಚನೆಯಲ್ಲಿದೆ.

ಟೊಳ್ಳು ಒಡಲನ್ನು ಬಾಗಿಸಿ ಅಂಟಿಸುವ ನುರಿತ ಕುಶಲಿಗನ ಅಗತ್ಯ ಇಲ್ಲಿ ಇರಲಿಲ್ಲ. ಒಡಲು ಒಂದು ಗಟ್ಟಿ ಹಲಗೆ. ಮೇಪಲ್ ಮರದ ದಂಡಿ ಒಡಲಿಗೆ ಅಂಟಿನಿಂದಲ್ಲ, ನಾಲ್ಕು ತಿರುಪುಗಳಿಂದ ಸೇರಿತ್ತು. ಕೆಟ್ಟರೆ ಬಿಚ್ಚಿ ಬೇರೆಯದನ್ನು ಹಾಕಬಹುದು. ವೀಣೆಯಂತೆ ದಂಡಿಗೆ ಲೋಹದ ಮೆಟ್ಟಿಲುಗಳಿದ್ದುದರಿಂದ ಬೆರಳಿಟ್ಟಲ್ಲಿ ನಿಖರವಾದ ಸ್ವರ. ಪ್ರಿಸಿಷನ್ ಎಂಬ ಹೆಸರಿನ ಅರ್ಥವೂ ಅದೇ. ಮೆಟ್ಟಿಲಿನ ಮೊದಲಿನಿಂದ ಕುದುರೆಯವರೆಗೆ ತಂತಿಯ ನೀಳ 34 ಅಂಗುಲ. ಇಂದಿಗೂ ಬೇಸ್ ಗಿಟಾರುಗಳ ಸಾಮಾನ್ಯ ಅಳತೆ ಇದೇ ಆಗಿದೆ. ತಂತಿಗಳ ಕೆಳಗೆ ಕಾಂತಗಳೂ ತಾಮ್ರದ ತಂತಿಯ ಸುರುಳಿಯೂ ಕೂಡಿದ ಪಿಕಪ್ಪು. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1957ರಲ್ಲಿ ಆ ಸುರುಳಿಯನ್ನು ಎರಡಾಗಿ ಒಡೆದು, ಒಂದಕ್ಕೊಂದು ಎದುರಾಗುವಂತೆ ಜೋಡಿಸಿದುದರಿಂದ ವಿದ್ಯುತ್ತಿನ ಗುಂಯ್‌ಗುಡುವಿಕೆ ತಾನಾಗಿಯೇ ಅಳಿಯಿತು. ಹೀಗೆ ಫೆಂಡರನು ಖರ್ಚನ್ನು ಕಡಿಮೆ ಮಾಡಿದ್ದು ವಿಚಾರದಿಂದ, ಅಲಕ್ಷ್ಯದಿಂದಲ್ಲ. ಬೇಡದ್ದನ್ನು ಬಿಟ್ಟನು, ಬೇಕಾದುದನ್ನು ಸಡಿಲಿಸಲಿಲ್ಲ. ಕಲಿಯುವವರಿಗೆಂದೇ 1956ರಲ್ಲಿ ಚಿಕ್ಕ ಅಳತೆಯ ಎರಡು ಗಿಟಾರುಗಳನ್ನು ತಂದನು. 1960ರಲ್ಲಿ ಜಾಝ್ ಬೇಸ್ ಬಂದಿತು. 30 ಅಂಗುಲದ ಮಸ್ಟಾಂಗ್ ಬೇಸ್ 1966ರಲ್ಲಿ ಹೊರಬಿತ್ತು.

ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾದ ಇಂಥ ವಾದ್ಯದಿಂದ ಕಲೆ ಹೊಮ್ಮೀತೆ? ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ (1936–1983) ಇದಕ್ಕೆ ಉತ್ತರ. ಮೋಟೌನ್ ಸಂಸ್ಥೆಯ ಅಸಂಖ್ಯ ಗೀತೆಗಳಿಗೆ ಪ್ರಾಣ ತುಂಬಿದ ಆತನ ಮುಖ್ಯ ವಾದ್ಯ 1962ರ ಒಂದು ಸಾಮಾನ್ಯ ಪ್ರಿಸಿಷನ್ ಬೇಸ್. ತುಂಡಾಗದ ಹೊರತು ಅದರ ತಂತಿಗಳನ್ನು ಸಹ ಆತ ಬದಲಿಸುತ್ತಿರಲಿಲ್ಲ.

ದೀರ್ಘಕಾಲದ ಅನಾರೋಗ್ಯದಿಂದ ಕುಗ್ಗಿದ ಫೆಂಡರನು 1965ರ ಜನವರಿಯಲ್ಲಿ ತನ್ನ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದನು. ಮುಂದೆ ಹೊಸ ವೈದ್ಯನೊಬ್ಬನ ಚಿಕಿತ್ಸೆಯಿಂದ ಗುಣ ಹೊಂದಿದನಾದರೂ, ಅಷ್ಟರಲ್ಲಿ ಹೆಸರು ಪರರ ಪಾಲಾಗಿತ್ತು. 1970ರ ದಶಕದಲ್ಲಿ ಆ ಹೆಸರಿನ ವಾದ್ಯಗಳ ಗುಣ ಇಳಿಯಿತೆಂಬ ದೂರು ಎದ್ದಿತು. ಕೆಲವು ಮಾದರಿಗಳಲ್ಲಿ ನಾಲ್ಕು ತಿರುಪುಗಳ ಬದಲು ಮೂರನ್ನೇ ಹಾಕಿದ್ದು ದೂರಿಗೆ ಗುರಿಯಾಯಿತು. ಆದರೆ 1976ರಲ್ಲಿ ಫೆಂಡರನು ಮ್ಯೂಸಿಕ್ ಮ್ಯಾನ್ ಎಂಬ ಹೊಸ ಸಂಸ್ಥೆಗಾಗಿ ರಚಿಸಿದ ಸ್ಟಿಂಗ್‌ರೇ ಬೇಸಿನಲ್ಲಿಯೂ ಇದ್ದುದು ಮೂರೇ ತಿರುಪು. ಅದು ಮಾತ್ರ ಉತ್ತಮವೆಂದು ಹೆಸರಾಯಿತು. ಕೊರತೆ ತಿರುಪುಗಳ ಲೆಕ್ಕದಲ್ಲಿರಲಿಲ್ಲ. ದಂಡಿ ಕೂರುವ ಕುಳಿಯನ್ನು ಸಡಿಲವಾಗಿ ಕೊರೆದ ಕೈಯಲ್ಲಿತ್ತು. ಇಳಕಲ್ಲಿನ ಕೊಂಡಿಯ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ.

ಇನ್ನೊಂದು ಘಟನೆ ಇದಕ್ಕೆ ಪೂರಕವಾಗಿದೆ. 1982ರಲ್ಲಿ ಫೆಂಡರ್ ಕಂಪನಿಯು ಅಗ್ಗದ ವಾದ್ಯಗಳಿಗೆಂದು ಸ್ಕ್ವಾಯರ್ ಎಂಬ ಹೆಸರನ್ನು ಬಳಕೆಗೆ ತಂದು, ಜಪಾನಿನಲ್ಲಿ ಅವನ್ನು ಮಾಡಿಸತೊಡಗಿತು. ಹಳೆಯ ಅಳತೆಗಳನ್ನು ಶ್ರದ್ಧೆಯಿಂದ ಪಾಲಿಸಿದ ಆ ಮೊದಲ ವಾದ್ಯಗಳನ್ನು ಬಲ್ಲವರು ಇಂದು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಗ್ಗದ ಹೆಸರು ಹೊತ್ತ ವಸ್ತು ಹೀಗೆ ಗುಣದಿಂದ ಮೇಲೇರಿತು. ಇಂದು ಚೀನ, ಇಂಡೋನೇಷ್ಯಗಳಲ್ಲಿ ತಯಾರಾಗುವ ಸುಲಭ ಬೆಲೆಯ ಬೇಸುಗಳಲ್ಲಿ ಒಡಲನ್ನೂ ದಂಡಿಯನ್ನೂ ಗಣಕಯಂತ್ರದ ನಿಯಂತ್ರಣದಲ್ಲಿ ಕೊರೆಯುವುದುಂಟು. ಆದ್ದರಿಂದ ಅಳತೆಯ ದೋಷ ಮೊದಲಿನಷ್ಟಿಲ್ಲ. ಹಣ ಉಳಿಸುವುದು ಮೆಟ್ಟಿಲುಗಳ ತುದಿಯನ್ನು ನಯಗೊಳಿಸುವ ಕೈಗೆಲಸದಲ್ಲಿ, ಬಿರಡೆ, ಕುದುರೆ, ಪಿಕಪ್ಪುಗಳ ದರ್ಜೆಯಲ್ಲಿ.

ಆದುದರಿಂದ ಕೊಳ್ಳುವ ತರುಣನು ಬೆಲೆಚೀಟಿಗಿಂತ ಮೊದಲು ವಾದ್ಯವನ್ನು ನೋಡಲಿ. ದಂಡಿಯ ಉದ್ದಕ್ಕೂ ಒಂದೇ ಕಣ್ಣಿನಿಂದ ದಿಟ್ಟಿಸಿ ಅದು ತಿರುಚಿಲ್ಲವೆಂದು ಅರಿಯಲಿ. ಪ್ರತಿ ಮೆಟ್ಟಿಲಿನಲ್ಲಿಯೂ ನುಡಿಸಿ ತಂತಿ ಗರಗರ ಎನ್ನದಿರುವುದನ್ನು ಕೇಳಲಿ. ಶ್ರುತಿ ಮಾಡಿ, ಸ್ವಲ್ಪ ಹೊತ್ತು ನುಡಿಸಿ, ಬಿರಡೆ ಜಾರುವುದೇ ಎಂದು ಪರೀಕ್ಷಿಸಲಿ. ದಂಡಿಯೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಬಾಗನ್ನು ಸರಿಪಡಿಸಬಹುದು. ಕುದುರೆಯ ಎತ್ತರವನ್ನು ತಗ್ಗಿಸಬಹುದು. ತಂತಿಯನ್ನೂ ಪಿಕಪ್ಪನ್ನೂ ಬದಲಿಸಬಹುದು. ತಿರುಚಿದ ದಂಡಿಯನ್ನು ಮಾತ್ರ ಕೊಳ್ಳಬಾರದು. ಈ ಪರೀಕ್ಷೆಯಲ್ಲಿ ಗೆದ್ದ ಅಗ್ಗದ ವಾದ್ಯವು ಕಲಿಕೆಗೆ ಅಡ್ಡಿಯಾಗದು. ಆಮೇಲೆ ಬರುವ ಅಪಸ್ವರವನ್ನು ತನ್ನದೆಂದು ಒಪ್ಪಿ ಅಭ್ಯಾಸಕ್ಕೆ ಕೂಡುವುದೇ ಮೇಲು.

1979ರಲ್ಲಿ ಪತ್ನಿ ಎಸ್ತರಳನ್ನು ಕಳೆದುಕೊಂಡ ಫೆಂಡರನು, ಅದೇ ಸುಮಾರಿಗೆ ಹಳೆಯ ಸಂಗಡಿಗ ಜಾರ್ಜ್ ಫುಲರ್ಟನ್ನನೊಡನೆ ಜಿ ಅಂಡ್ ಎಲ್ ಎಂಬ ಮೂರನೆಯ ಸಂಸ್ಥೆಯನ್ನು ಕಟ್ಟಿದನು. ಕಂಪವಾತ ಕೈಕಾಲುಗಳನ್ನು ಹಿಡಿದರೂ ದಿನವೂ ಕಾರ್ಖಾನೆಗೆ ಹೋಗಿ ಕೆಲಸದ ಮೇಜಿನ ಮುಂದೆ ಕೂಡುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು ತೀರಿಕೊಂಡಾಗ ಆತನಿಗೆ 81 ವರ್ಷ. ಸಿರಿವಂತನಾಗಿದ್ದರೂ ಅವನು ಕೊನೆಯವರೆಗೂ ಉಳಿದದ್ದು ದುರಸ್ತಿಯ ಅಂಗಡಿಯ ಮನುಷ್ಯನಾಗಿಯೇ. ದುಡಿದು ಉಣ್ಣುವ ವಾದ್ಯಗಾರನಿಗೆ ಒಳ್ಳೆಯ ವಾದ್ಯ ಸಿಗಬೇಕೆಂದು ಒಂದು ಆಯುಷ್ಯವನ್ನು ಸವೆಸಿದವನ ಫಲ ಇಂದು ಬಾಗಲಕೋಟೆಯ ತರುಣನ ಹೆಗಲ ಮೇಲಿದೆ. ಅದನ್ನು ಬೆಲೆಯ ಕಾರಣದಿಂದ ಹಳಿಯದೆ, ಗೋಡೆಗೆ ಒರಗಿಸದೆ, ಶ್ರುತಿ ಮಾಡಿ ನುಡಿಸುವುದು ಆತನಿಗೆ ಸಲ್ಲಿಸಬೇಕಾದ ಗೌರವ.