ಹೊಳೆಯಾಚೆಯ ಸೀಮೆಗೆ ಬಂದ ಕಿಟೆಲರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಕನ್ನಡ ಮೇಷ್ಟ್ರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯಬಹುದೆಂದು ಅವರು ಎಣಿಸಿದ್ದರೇನೋ. ನಾನು ಬರೆಯುತ್ತಿರುವುದು ಫರ್ಡಿನೆಂಡ್ ಕಿಟೆಲರ ಬಗ್ಗೆ. ಒಂಬತ್ತನೇ ತರಗತಿಯಲ್ಲಿ ಮೇಷ್ಟ್ರು ಕಿಟೆಲ್ ನಿಘಂಟಿನ ಒಂದು ಸಂಪುಟವನ್ನು ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟಿದ್ದರು. ಅದು ಎಷ್ಟು ಕೆಜಿ ತೂಗಬಹುದೆಂದು ಹಿಂದಿನ ಬೆಂಚಿನ ನಾವು ಪಂದ್ಯ ಕಟ್ಟಿದ್ದೆವು. ಅಂದಿನ ಪಾಠದಲ್ಲಿ ನನಗೆ ನೆನಪಿರುವುದು ಅಷ್ಟೇ.

ಹರಿಹರದಲ್ಲಿ ಓದಿ, ದಾವಣಗೆರೆಯಲ್ಲಿ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಕೆಲವು ವರ್ಷ ದುಡಿದ ನಾನು ಈಗ ಐದು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಪಟ್ಟಣದಲ್ಲಿ ಬಾಡಿಗೆ ದುಬಾರಿಯೆಂದು ಟ್ಯೂಬಿಂಗನ್ ಸಮೀಪದ ಹಳ್ಳಿಯೊಂದರಲ್ಲಿ ಮನೆ ಮಾಡಿದೆವು. ಕಿಟೆಲರು 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ ಎಂಬುದು ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಎರಡನೇ ವರ್ಷ. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಅವರು ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರದ ತುದಿಯಲ್ಲಿ, ಸಮುದ್ರದಂಚಿನ ಈಸ್ಟ್ ಫ್ರೀಸ್‌ಲ್ಯಾಂಡ್ ಎಂಬ ಸೀಮೆಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ನಮ್ಮ ದಾವಣಗೆರೆ ಬಯಲಿನಂತೆ ಕಣ್ಣು ಹಾಯುವಷ್ಟು ದೂರ ಸಮತಟ್ಟಾದ ನೆಲವದು. ಅದೇ 1832ರಲ್ಲಿ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಎಂಬ ಪಾದ್ರಿ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಮದರಾಸಿನಲ್ಲಿ ಅಚ್ಚಾಯಿತು. ಆ ವರ್ಷ ತೊಟ್ಟಿಲಲ್ಲಿದ್ದ ಕೂಸು ಮುಂದೆ ಅದಕ್ಕಿಂತ ದೊಡ್ಡದನ್ನು ಕಟ್ಟಿತು.

ಬಾಸೆಲ್ ಮಿಷನ್ ಸೇರಿದ ಕಿಟೆಲರು 1853ರಲ್ಲಿ ಇಂಡಿಯಾಕ್ಕೆ ಬಂದಾಗ ಇಪ್ಪತ್ತೊಂದರ ಹುಡುಗ. ಅವರ ಪಾಲಿಗೆ ಬಂದದ್ದು ಧಾರವಾಡ ಸೀಮೆ. ನಮಗದು ದೂರದ್ದಲ್ಲ. ಹರಿಹರದ ಹೊಳೆ ದಾಟಿದರೆ ಆಗ ಧಾರವಾಡ ಜಿಲ್ಲೆ, ಮುಂಬೈ ಸರ್ಕಾರದ್ದು. ಈಚೆ ದಡ ಮೈಸೂರು ಸೀಮೆ. ಹೊಳೆಯ ಮೇಲಿನ ಕಲ್ಲಿನ ಸೇತುವೆ 1868ರದು, ಅಂದರೆ ಅವರು ಬಂದಾಗ ಅದೂ ಇರಲಿಲ್ಲ. ಅವರು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಜನರ ನಡುವೆ ಬಾಳಬೇಕಾದರೆ ಅವರಂತೆಯೇ ಬಾಳಬೇಕು ಎಂದು ಆ ಹುಡುಗ ಹಟ ಹಿಡಿದರು. ಭಾಷೆ, ಆಚಾರ, ಇಲ್ಲಿಯ ಸಂಗೀತ ಎಲ್ಲಕ್ಕೂ ಶಿಷ್ಯರಾಗಿ ಕೂತರು.

ಇದು ಜೊತೆಯವರಿಗೆ ಹಿಡಿಸಲಿಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಮಿಷನ್‌ನಲ್ಲಿದ್ದ ಹೆಚ್ಚಿನವರು ದಕ್ಷಿಣ ಜರ್ಮನಿಯವರು, ಹೆಚ್ಚು ಓದಿದವರೇನಲ್ಲ. ಕಿಟೆಲರು ಉತ್ತರದವರು, ಓದಿದವರು. ಈಗಲೂ ಉತ್ತರದವರು ಎದುರಾದವರಿಗೆ ಮೊಯಿನ್ ಎನ್ನುತ್ತಾರೆ. ನಮ್ಮ ಹಳ್ಳಿಯಲ್ಲಿ ಗ್ರ್ಯೂಸ್ ಗಾಟ್ ಎನ್ನದಿದ್ದರೆ ಮುಖ ತಿರುಗಿಸಿ ನೋಡುತ್ತಾರೆ. ಅಂದರೆ ಕಿಟೆಲರು ಇಂಡಿಯಾದಲ್ಲೂ ಪರದೇಶಿ, ತಮ್ಮವರ ನಡುವೆಯೂ ಪರದೇಶಿ. ಮೇಲಿನವರಿಂದ ಬೈಗುಳ ತಿಂದರು. ನೀಲಗಿರಿಯ ಮೂಲೆಯ ಕೇಂದ್ರಕ್ಕೆ ಎತ್ತಂಗಡಿಯಾದರು. ಮುಂದೆ ಮಂಗಳೂರಿನ ಅಚ್ಚುಕೂಟದ ಕೆಲಸಕ್ಕೆ ಕಟ್ಟಿಹಾಕಲಾಯಿತು. 1860ರಲ್ಲಿ ಕೈಹಿಡಿದ ಪಾಲಿನ್ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಅವರ ಸೋದರಿ ಜೂಲಿಯನ್ನು ಮದುವೆಯಾದರು. ಈ ನಡುವೆ ಏಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಾಗಿಸಿ 1862ರಲ್ಲಿ ಕಥಾಮಾಲೆ ತಂದರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು.

ಇಲ್ಲಿಯ ಮೊದಲ ಚಳಿಗಾಲದಲ್ಲಿ ನಮ್ಮ ಸ್ಥಿತಿ ಹೇಗಿತ್ತೆಂದರೆ, ನಾಲ್ಕೂವರೆಗೇ ಕತ್ತಲು, ಬಸ್ಸು ಗಂಟೆಗೊಂದು, ಭಾನುವಾರ ಅಂಗಡಿ ಬಂದ್. ನಾನು ಕ್ಲಾಸಿಗೆ ಹೋಗಿ ಜರ್ಮನ್ ಕಲಿತಿದ್ದೆ, ಸರ್ಟಿಫಿಕೇಟೂ ಇತ್ತು. ಆದರೆ ಪಕ್ಕದ ಮನೆಯ ಅಜ್ಜ ಆಡುವುದು ಸ್ವಾಬಿಯನ್, ಒಂದಕ್ಷರ ತಿಳಿಯುತ್ತಿರಲಿಲ್ಲ. ಅವರು ಮಾತಾಡಿಸಿದಾಗಲೆಲ್ಲ ನಕ್ಕು ತಲೆಯಾಡಿಸಿ ಒಳಗೆ ಬಂದುಬಿಡುತ್ತಿದ್ದೆ. ವಾಪಸ್ ಹೋಗೋಣ ಎಂದು ನನ್ನ ಹೆಂಡತಿ ಅತ್ತದ್ದುಂಟು. ನಾನು ರಾಜೀನಾಮೆ ಪತ್ರ ಬರೆದೂ ಇಟ್ಟಿದ್ದೆ.

ಕಿಟೆಲರ ನಿಘಂಟಿನ ಸ್ಕ್ಯಾನ್ ಪ್ರತಿಯನ್ನು ತಿರುವಿ ಹಾಕಿದ್ದು ಅದೇ ಹೊತ್ತಿನಲ್ಲಿ. ಎಪ್ಪತ್ತು ಸಾವಿರದಷ್ಟು ಪದಗಳು. ಹಳಗನ್ನಡ ಕಾವ್ಯದ ಮಾತುಗಳು ಇರುತ್ತವೆಂದು ಗೊತ್ತಿತ್ತು, ಪಂಡಿತರ ನೆರವೂ ಅವರಿಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೂರಿಗೆ, ಕುಂಟೆ, ಕಣ, ಮೇಟಿ. ಜೊತೆಗೆ ಪುಟಪುಟಕ್ಕೂ ಗಾದೆಗಳು. ಮೈಸೂರು ಸೀಮೆಯ ಮಾತು ಬೇರೆ, ಮರಾಠ ಸೀಮೆಯ ಕಡೆಯದು ಬೇರೆ ಎಂದು ಗುರುತು ಹಾಕಿದ್ದಾರೆ. ಎರಡೂ ಕಡೆಯ ಮಾತು ಬೆರೆತ ನಮ್ಮ ಹರಿಹರದವರಿಗೆ ಇದರ ರುಚಿ ಬೇಗ ಗೊತ್ತಾಗುತ್ತದೆ. ಕೂರಿಗೆಯಂಥ ಪದಕ್ಕೆ ಅರ್ಥ ಬರೆಯಬೇಕಾದರೆ ಅದನ್ನು ಬಲ್ಲವರನ್ನು ಇದೇನು ಎಂದು ಕೇಳಬೇಕು. ತಪ್ಪು ಉಚ್ಚಾರಕ್ಕೆ ಅವರು ನಕ್ಕರೆ ಮತ್ತೆ ಕೇಳಬೇಕು. ನಲವತ್ತು ವರ್ಷ ಆ ಮನುಷ್ಯ ಮಾಡಿದ್ದು ಇದನ್ನೇ ಎಂದು ನನಗನ್ನಿಸಿತು. ನಾನೋ ಸರ್ಟಿಫಿಕೇಟ್ ಇದೆಯೆಂದು ಕೇಳಲು ನಾಚುತ್ತಿದ್ದೆ.

ಮರುವಾರ ಪಕ್ಕದ ಮನೆಯ ಅಜ್ಜ ಬಾಟಲಿಯೊಂದನ್ನು ಕೊಟ್ಟು ಗ್ಸೆಲ್ಟ್ಸ್ ಎಂದರು. ಹಾಗೆಂದರೇನು ಎಂದು ಕೇಳಿದೆ. ಜಾಮ್! ಕರಂಟ್ ಹಣ್ಣಿನದು. ಅಂದು ಅರ್ಧ ಗಂಟೆ ಗೇಟಿನ ಬಳಿ ನಿಂತು ಮಾತಾಡಿದೆವು. ರಾಜೀನಾಮೆ ಪತ್ರ ಇನ್ನೂ ಲ್ಯಾಪ್‌ಟಾಪಿನಲ್ಲೇ ಇದೆ.

1877ರಲ್ಲಿ ಕಿಟೆಲರು ಜರ್ಮನಿಗೆ ಮರಳಿದ್ದರು. ಅಲ್ಲೇ ಉಳಿಯಬಹುದಿತ್ತು. ಆದರೆ ನಿಘಂಟು ಮುಗಿಸಲೆಂದು ಐವತ್ತು ದಾಟಿದ ಮೇಲೆ ಮತ್ತೆ ಬಂದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಅದು ಹೊರಬಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ತೀರಿಕೊಂಡ ವರ್ಷವೇ ಅವರ ಕನ್ನಡ ವ್ಯಾಕರಣವೂ ಪ್ರಕಟವಾಯಿತು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ, ಬೆಂಗಳೂರಿನಲ್ಲಿ ಪ್ರತಿಮೆಯಿದೆ.

ಹೋದ ತಿಂಗಳು ಮಗಳು ಮೇಟಿ ಎಂದರೇನು ಎಂದು ಕೇಳಿದಳು. ಕಣದ ನಡುವೆ ನೆಡುವ ಕಂಬ ಎಂದೆ. ಅದನ್ನು ಯಾಕೆ ನೆಡುತ್ತಾರೆ ಎಂದಳು. ಸರಿಯಾಗಿ ಹೇಳಲು ಬರಲಿಲ್ಲ. ಹರಿಹರದ ಹತ್ತಿರ ಹಳ್ಳಿಯಲ್ಲಿರುವ ದೊಡ್ಡಪ್ಪನಿಗೆ ವಿಡಿಯೋ ಕಾಲ್ ಮಾಡಿದೆವು. ಈಗ ಮಿಷನ್ನು ಗದ್ದೆಗೇ ಬಂದು ಭತ್ತ ಕೊಯ್ದು ಕೊಟ್ಟು ಹೋಗುತ್ತದೆ, ಕಣ ಎಲ್ಲಿಯದು ಎಂದು ನಕ್ಕರು. ಆದರೂ ಎತ್ತುಗಳನ್ನು ಮೇಟಿಗೆ ಕಟ್ಟಿ ಸುತ್ತು ಹಾಕಿಸುತ್ತಿದ್ದುದನ್ನು ಕೈಯಾಡಿಸಿ ಆಡಿಸಿ ಇಪ್ಪತ್ತು ನಿಮಿಷ ಹೇಳಿದರು. ಮಗಳು ನಡುನಡುವೆ ಸ್ವಾಬಿಯನ್‌ನಲ್ಲಿ ಏನೋ ಕೇಳುತ್ತಿದ್ದಳು. ದೊಡ್ಡಪ್ಪ ಪ್ರತಿಸಲ, ಅದೇನಂದ್ಲು, ಹಂಗಂದ್ರೇನು ಎಂದು ನನ್ನನ್ನು ಕೇಳುತ್ತಿದ್ದರು.