ಕುಂದಗೋಳದ ಸವಾಯಿ ಗಂಧರ್ವರು: ಶಿಷ್ಯನಿಗೆ ತಕ್ಕ ಪಾಠ

ನಮ್ಮ ಧರ್ಮಕೇಂದ್ರಗಳಲ್ಲಿ ಆಪ್ತಸಮಾಲೋಚನೆಯ ತರಬೇತಿ ಶಿಬಿರಗಳು ಈಗ ಅಪರೂಪವಲ್ಲ. ಕುಡಿತ ಬಿಡಬೇಕೆನ್ನುವವರು, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳು, ಮನಸ್ತಾಪದಲ್ಲಿರುವ ದಂಪತಿಗಳು, ಇವರೊಡನೆ ಹೇಗೆ ಮಾತನಾಡಬೇಕೆಂದು ಹಲಗೆಯ ಮೇಲೆ ಬರೆದು ತೋರಿಸುತ್ತಾರೆ. ಹೆಚ್ಚಾಗಿ ಕೇಳಿಬರುವುದು 'ಗ್ರೋ' ಎಂಬ ಮಾದರಿ. ಇಂಗ್ಲೆಂಡಿನ ಜಾನ್ ವಿಟ್‌ಮೋರ್ ಅವರ 1992ರ ಪುಸ್ತಕದಿಂದ ಅದು ಬಹಳ ಕಡೆ ಹರಡಿತು. ಮೊದಲು ಗುರಿ, ಆಮೇಲೆ ಈಗಿನ ಸ್ಥಿತಿ, ನಂತರ ಮುಂದಿರುವ ದಾರಿಗಳು, ಕೊನೆಗೆ ಸಂಕಲ್ಪ. ಶಿಬಿರ ಮುಗಿಸಿ ಬಂದವರು ನಮ್ಮಲ್ಲಿ ಕೇಳುವ ಪ್ರಶ್ನೆ ಮಾತ್ರ ಒಂದೇ: ಈ ನಾಲ್ಕು ಹೆಜ್ಜೆಗಳು ಎಲ್ಲರಿಗೂ ಹೊಂದುತ್ತವೆಯೇ? ಹೀಗೆ ಯೋಚಿಸುವಾಗ ನಮಗೆ ನೆನಪಾದವರು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿದ್ದ ಒಬ್ಬ ಸಂಗೀತ ಗುರು. ಅವರ ಕಾಲದಲ್ಲಿ ಇಂಥ ಶಿಬಿರಗಳಿರಲಿಲ್ಲ. ಆದರೆ ಎದುರಿಗೆ ಕುಳಿತವರನ್ನು ಬದಲಾಯಿಸುವ ಕೆಲಸವನ್ನೇ ಅವರು ಮಾಡಿದರು.

ರಾಮಚಂದ್ರ ಗಣೇಶ ಸೌಂಶಿ ಹುಟ್ಟಿದ್ದು 1886ರ ಜನವರಿ 19ರಂದು, ಹುಬ್ಬಳ್ಳಿ ಹತ್ತಿರದ ಅಮರಗೋಳದಲ್ಲಿ. ತಂದೆ ಕುಂದಗೋಳದ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಹುಡುಗನಿಗೆ ಓದಿಗಿಂತ ಹಾಡಿನ ಹುಚ್ಚು. ಮೊದಲು ಬಲವಂತರಾವ್ ಕೊಲ್ಹಟಕರ ಎಂಬವರ ಬಳಿ ಕಲಿತ. 1898ರಲ್ಲಿ ಅವರು ತೀರಿಕೊಂಡಾಗ ಪಾಠ ಅಲ್ಲಿಗೇ ನಿಂತಿತು. ಮುಂದೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನಾಡಿಗೇರ ವಾಡೆಗೆ ಬಂದಾಗ ಹುಡುಗನ ಹಾಡು ಅವರ ಕಿವಿಗೆ ಬಿತ್ತು. ಅವರು ಕಲಿಸಲು ಒಪ್ಪಿದರು, ಆದರೆ ಒಂದು ಕರಾರು ಹಾಕಿದರು: 8 ವರ್ಷ ತಮ್ಮ ಜೊತೆಯಲ್ಲೇ ಇರಬೇಕು.

ರಾಮಭಾವು ಅವರ ಕಂಠ ಹುಟ್ಟಿನಿಂದಲೇ ಪಳಗಿದ ಕಂಠವಾಗಿರಲಿಲ್ಲ. ಕಛೇರಿಯಲ್ಲಿ ಅದು ತಡವಾಗಿ ಕಾಯುತ್ತಿತ್ತು, ಕಾದ ಮೇಲೆ ಅದಕ್ಕೆ ಸಾಟಿ ಇರಲಿಲ್ಲ ಎಂದು ಕೇಳಿದವರು ಬರೆದಿದ್ದಾರೆ. ಅದನ್ನು ಬಗ್ಗಿಸಿದ್ದು ಗುರುವಿನ ಕಟ್ಟುನಿಟ್ಟು ಮತ್ತು ವರ್ಷಗಟ್ಟಲೆಯ ರಿಯಾಜ್. ಹಾಗಿದ್ದರೂ ಇದೇ ಶಿಷ್ಯ ಖಾನರ ಮನಸ್ಸಿಗೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿ, ಸ್ತ್ರೀ ಪಾತ್ರಗಳಲ್ಲಿ ಹಾಡಿ ಹೆಸರಾದರು. ಬಾಲಗಂಧರ್ವರು ಮೆರೆಯುತ್ತಿದ್ದ ಆ ಕಾಲದಲ್ಲಿ ಅಮರಾವತಿಯಲ್ಲಿ ಇವರಿಗೆ 'ಸವಾಯಿ ಗಂಧರ್ವ' ಎಂಬ ಬಿರುದು ಬಂತು. ಸವಾಯಿ ಎಂದರೆ ಒಂದೂಕಾಲು ಪಾಲು. ಗುರುವಿನ ಮಾತು ಮೀರಿದ್ದು ಸರಿಯೋ ತಪ್ಪೋ, ನಾವು ಹೇಳಲಾರೆವು. ಆದರೆ ಒಬ್ಬರ ಕಟ್ಟಳೆಯಲ್ಲಿ ಬೆಳೆದು, ಅದರಿಂದ ಹೊರಗೂ ನಡೆದವರು ಅವರು. ಮುಂದೆ ತಾವೇ ಗುರುವಾದಾಗ ಅದು ಲೆಕ್ಕಕ್ಕೆ ಬಂದಿರಬೇಕು ಎಂದು ನಮಗೆ ತೋರುತ್ತದೆ.

ನಾಟಕ ಬಿಟ್ಟು ಅವರು ಕುಂದಗೋಳದಲ್ಲಿ ನೆಲೆಸಿದ್ದು 1930ರ ದಶಕದಲ್ಲಿ. 1936ರಲ್ಲಿ ಅವರ ಮನೆ ಸೇರಿದ ಹುಡುಗ ಗದಗಿನ ಭೀಮಸೇನ ಜೋಶಿ. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದವನು. ಗ್ವಾಲಿಯರ್, ಕಲ್ಕತ್ತಾ ಸುತ್ತಿ ಜಲಂಧರ್ ತಲುಪಿದಾಗ, ನಿನ್ನ ಊರ ಪಕ್ಕದಲ್ಲೇ ರಾಮಭಾವು ಇರುವಾಗ ಇಷ್ಟು ದೂರ ಏಕೆ ಬಂದೆ ಎಂದು ವಿನಾಯಕರಾವ್ ಪಟವರ್ಧನರು ಕೇಳಿದರಂತೆ. ಇಂಥ ಅಲೆಮಾರಿ ಹುಡುಗನಿಗೆ ಗುರುಗಳು ಕೊಟ್ಟದ್ದು ಮೊದಲು ಮನೆಗೆಲಸ. ನೀರು ಹೊರುವುದು, ಹೇಳಿದ ಚಾಕರಿ ಮಾಡುವುದು. ಪಾಠ ಶುರುವಾದ ಮೇಲೂ ರಾಗಗಳ ರಾಶಿ ಸುರಿಯಲಿಲ್ಲ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ, ವರ್ಷಗಳ ಕಾಲ ಮುಖ್ಯವಾಗಿ ಇವು ಮೂರೇ.

ಇಂದು ಹೀಗೆ ಯಾರಾದರೂ ಹುಡುಗನಿಂದ ನೀರು ಹೊರಿಸಿದರೆ ನಾವೇ ತಕರಾರು ಮಾಡುತ್ತೇವೆ, ಮಾಡಲೂ ಬೇಕು. ಆದರೂ ಊರೂರು ತಿರುಗುವ ಚಪಲವಿದ್ದವನನ್ನು ಒಂದೇ ಮನೆಯಲ್ಲಿ, ಮೂರೇ ರಾಗಗಳಲ್ಲಿ ನಿಲ್ಲಿಸಿದ್ದರಲ್ಲಿ ಒಂದು ಲೆಕ್ಕಾಚಾರ ಕಾಣುತ್ತದೆ.

ಅದೇ ಮನೆಗೆ ಹುಬ್ಬಳ್ಳಿಯಿಂದ ಬರುತ್ತಿದ್ದ ಗಂಗೂಬಾಯಿ ಹಾನಗಲ್ ಅವರಿಗೆ ಈ ಕಟ್ಟಳೆ ಇರಲಿಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಆಗಲೇ ಮಕ್ಕಳ ತಾಯಿ, ಮುಂಬಯಿಯಲ್ಲಿ ಹಾಡಿ ಗ್ರಾಮಾಫೋನ್ ರೆಕಾರ್ಡು ಕೊಟ್ಟವರು. ತಾಯಿ ಅಂಬಾಬಾಯಿ 1932ರಲ್ಲೇ ತೀರಿಕೊಂಡಿದ್ದರು. ಮನೆ ಬಿಟ್ಟು ಗುರುವಿನಲ್ಲಿ ಇರುವ ಸ್ಥಿತಿ ಅವರದಲ್ಲ. ಸುಮಾರು 20 ಕಿ.ಮೀ. ದಾರಿ, ಸಂಜೆಯ ರೈಲಿನಲ್ಲಿ ಬಂದು ರಾತ್ರಿ ಮರಳುವುದು. ಹೀಗೆ ಸುಮಾರು ಮೂರು ವರ್ಷ ಕಲಿತರು. ಸಿಗುವ ಸಮಯ ಕಡಿಮೆ, ಆದ್ದರಿಂದ ಒಂದೇ ಸ್ವರಗುಚ್ಛವನ್ನು ಗುರುಗಳು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಜಿಪುಣ ಹಣ ಬಿಚ್ಚುವ ಹಾಗೆ ಸ್ವರಗಳನ್ನು ಒಂದೊಂದಾಗಿ ಬಿಚ್ಚಬೇಕು ಎಂಬುದು ಅವರ ಬೋಧನೆ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಬಳಿಕ ಗಂಗೂಬಾಯಿಯವರ ತೆಳುದನಿ ಗಂಡಸಿನ ದನಿಯಷ್ಟು ದಪ್ಪವಾಯಿತು. ಬೇರೆ ಯಾರಾದರೂ ಹಾಡುವುದನ್ನೇ ನಿಲ್ಲಿಸುತ್ತಿದ್ದರೇನೋ. ನಿಧಾನವಾಗಿ ರಾಗ ಬೆಳೆಸುವ ಆ ಅಭ್ಯಾಸ ಮಾತ್ರ ಹೊಸ ದನಿಗೆ ಇನ್ನೂ ಚೆನ್ನಾಗಿ ಒಪ್ಪಿತು.

ಪಾಠ ಮುಗಿದ ರಾತ್ರಿಗಳಲ್ಲಿ ಗಂಗಕ್ಕನನ್ನು ರೈಲು ನಿಲ್ದಾಣಕ್ಕೆ ಬಿಟ್ಟುಬರುವ ಕೆಲಸ ಭೀಮಸೇನರದಾಗಿತ್ತು. ಗುರುಗಳು ಇಂದು ಏನು ಹೇಳಿಕೊಟ್ಟರು ಎಂದು ದಾರಿಯುದ್ದಕ್ಕೂ ವಿಚಾರಿಸುತ್ತಿದ್ದರಂತೆ. ಒಬ್ಬರಿಗೆ ಕೊಟ್ಟ ಪಾಠ ಹೀಗೆ ಇನ್ನೊಬ್ಬರಿಗೂ ಸಿಗುತ್ತಿತ್ತು.

ಉಳಿದವರ ದಾರಿಯೂ ಬೇರೆಬೇರೆ. ಮುಂಬಯಿಯ ಪಾರ್ಸಿ ಫಿರೋಜ್ ದಸ್ತೂರ್ ಸಿನಿಮಾದಲ್ಲಿ ನಟಿಸಿದ್ದವರು. ಬಸವರಾಜ ರಾಜಗುರು ಅಂಧಗುರು ಪಂಚಾಕ್ಷರಿ ಗವಾಯಿಗಳ ಬಳಿ ಪಳಗಿ ಬಂದವರು, ಇನ್ನೂ ಹಲವರಿಂದ ಕಲಿತವರು. ನಾಲ್ವರ ಹಾಡನ್ನೂ ಒಟ್ಟಿಗೆ ಕೇಳಿ ನೋಡಿ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರೆಂದು ಅನಿಸುವುದಿಲ್ಲ.

1942ರಲ್ಲಿ ರಾಮಭಾವು ಅವರಿಗೆ ಪಾರ್ಶ್ವವಾಯು ತಗಲಿತು. ಸಾರ್ವಜನಿಕ ಕಛೇರಿಗಳು ಮುಗಿದವು. ಹಾಡಿ ತೋರಿಸಿ ಕಲಿಸುವ ಗುರುವಿಗೆ ಇದಕ್ಕಿಂತ ದೊಡ್ಡ ಪೆಟ್ಟು ಇರಲಾರದು. 1946ರಲ್ಲಿ ಅವರ 60 ವರ್ಷದ ಸಮಾರಂಭ ಪುಣೆಯಲ್ಲಿ ನಡೆದಾಗ 24ರ ಭೀಮಸೇನರು ಹಾಡಿದರು, ದೇಶ ಅವರತ್ತ ತಿರುಗಿ ನೋಡಿತು. ಆರು ವರ್ಷಗಳ ಬಳಿಕ, 1952ರ ಸೆಪ್ಟೆಂಬರ್ 12ರಂದು, ಗುರುಗಳು ತೀರಿಕೊಂಡರು.

ಮರುವರ್ಷ ಭೀಮಸೇನರು ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಆರಂಭಿಸಿದರು. ಕುಂದಗೋಳದಲ್ಲೂ ನಾಡಿಗೇರ ವಾಡೆಯಲ್ಲಿ ಪುಣ್ಯತಿಥಿಯ ಸಂಗೀತ ಸೇವೆ ನಡೆದುಬಂತು. ಅಬ್ದುಲ್ ಕರೀಂ ಖಾನರು ಗುಮಾಸ್ತರ ಮಗನ ಹಾಡು ಕೇಳಿದ ಅದೇ ವಾಡೆಯಲ್ಲಿ ಗಂಗೂಬಾಯಿ ಮತ್ತು ಭೀಮಸೇನರು ಗುರುವಿಗಾಗಿ ಹಾಡಿದರು.